ಜ್ವಾಲಾಮುಖಿ ಪಕ್ಕದ ಬಿಸಿನೀರಿನ ರೆಸಾರ್ಟ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಚಿಂತಾಮಣಿ ಹುಡುಗಿ

ಎಲ್ಲರಿಗೂ ನಮಸ್ಕಾರ. ತಮ್ಮ ಹ್ಯೂಸ್ಟನ್‌ನಲ್ಲಿದ್ದಾನೆ, ಅಕ್ಟೋಬರ್‌ನಲ್ಲಿ ನಾನು ಅಪ್ಪ ಅಮ್ಮನನ್ನು ಅವನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನವೆಂಬರ್ ಕೊನೆಗೆ ಅವನಿಗೆ ನಾಲ್ಕು ದಿನ ರಜೆ. ಕೋಸ್ಟರಿಕಾದಲ್ಲಿ ಅರೆನಾಲ್ ಅಂತ ಜ್ವಾಲಾಮುಖಿ ಇದೆ, ಅದರ ಪಕ್ಕ ಮಳೆಕಾಡಿನೊಳಗೆ ಬಿಸಿನೀರಿನ ರೆಸಾರ್ಟ್‌ಗಳಿವೆ, ಅಲ್ಲಿಗೇ ಹೋಗೋಣ ಅಂತ ಹಟ ಹಿಡಿದಿದ್ದಾನೆ. ಅಮ್ಮ ಬದರಿಯ ತಪ್ತಕುಂಡದಲ್ಲಿ ಸ್ನಾನ ಮಾಡಿ ಬಂದವರು, ಬಿಸಿನೀರಿನ ಬುಗ್ಗೆ ಅಂದ ಕೂಡಲೇ ಒಪ್ಪಿಬಿಟ್ಟರು. ಅಪ್ಪ ಮಾತ್ರ "ಬೆಂಕಿ ಬೆಟ್ಟದ ಬುಡದಲ್ಲಿ ಹೋಗಿ ಮಲಗೋದಾ?" ಅಂತ ದಿನಾ ಕೇಳುತ್ತಿದ್ದಾರೆ. ಅವರಿಗೆ 67, ಬಿಪಿ ಮಾತ್ರೆ ತಗೊಳ್ತಾರೆ, ಮಂಡಿ ನೋವೂ ಇದೆ. ನಾವು ಮಾಂಸ ತಿನ್ನುವುದಿಲ್ಲ. ಯಾರಾದರೂ ಹೋಗಿ ಬಂದಿದ್ದರೆ ಹೇಳಿ, ಅಲ್ಲೇ ಉಳಿಯಬೇಕಾ ಅಥವಾ ಊರಲ್ಲಿ ರೂಮ್ ಮಾಡಿ ಟಿಕೆಟ್ ತಗೊಂಡು ಹೋಗಿಬಂದರೆ ಸಾಕಾ?

ತಿಪಟೂರು ತೆಂಗು

ಹೋಗಿ ಬನ್ನಿ ಅಕ್ಕ, ಖಂಡಿತ. ನಾವು ಅತ್ತೆ ಮಾವನ ಜೊತೆ ಹೋಗಿದ್ದೆವು. ಆದರೆ ಕೆಂಪಗೆ ಹರಿಯುವ ಲಾವಾ ನೋಡಬಹುದು ಅಂತ ಹೋಗಬೇಡಿ, 2010ರಿಂದ ಬೆಟ್ಟ ಸುಮ್ಮನಿದೆ. ನೋಡಬೇಕಾದ್ದು ಆ ನದಿ. ತಬಕೋನ್ ಅನ್ನುವ ನದಿಯೇ ಬಿಸಿಯಾಗಿ ಹರಿಯುತ್ತದೆ, ಎರಡೂ ಕಡೆ ದಟ್ಟ ಕಾಡು. ಮೇಲಿನ ಗುಂಡಿಗಳಲ್ಲಿ ನೀರು ಜಾಸ್ತಿ ಬಿಸಿ, ಸುಮಾರು 40 ಡಿಗ್ರಿ, ಕೆಳಗೆ ಇಳಿದ ಹಾಗೆ ಹದವಾಗುತ್ತದೆ. ನಾವಿದ್ದ ಸಂಜೆ ಜೋರು ಮಳೆ. ತಲೆ ಮೇಲೆ ತಣ್ಣನೆ ಹನಿ, ಕುತ್ತಿಗೆವರೆಗೂ ಬಿಸಿನೀರು, ಸುತ್ತ ಹಬೆ, ಮಾತಾಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ನವೆಂಬರ್‌ನಲ್ಲಿ ಮಳೆ ಇದ್ದೇ ಇರುತ್ತದೆ, ಬೆಟ್ಟದ ತುದಿ ಮೋಡದಲ್ಲಿ ಮುಚ್ಚಿರುತ್ತದೆ. ಬೆಳಿಗ್ಗೆ ಬೇಗ ಎದ್ದರೆ ಕಾಣುವ ಸಾಧ್ಯತೆ ಜಾಸ್ತಿ. ನಂದಿ ಬೆಟ್ಟಕ್ಕಿಂತ 200 ಮೀಟರ್‌ನಷ್ಟು ಎತ್ತರ ಅಷ್ಟೇ, ಆದರೆ ರಾಗಿ ರಾಶಿ ಸುರಿದ ಹಾಗೆ ಒಂದೇ ಚೂಪು ಗುಡ್ಡ.

ದೊಡ್ಡವರು ಜೊತೆಗಿದ್ದರೆ ಎರಡು ರಾತ್ರಿ ರೆಸಾರ್ಟ್‌ನಲ್ಲೇ ಉಳಿಯಿರಿ. ನೀರಿನಿಂದ ಎದ್ದು ಒದ್ದೆ ಮೈಯಲ್ಲಿ ಕಾರು ಹತ್ತಿ ಊರಿಗೆ ಹೋಗುವುದು ಅವರಿಗೆ ಕಷ್ಟ, ರೂಮ್ ಹತ್ತಿರವಿದ್ದರೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇಳಿಯಬಹುದು. ನೀವು ತಮ್ಮ ಇಬ್ಬರೇ ಆಗಿದ್ದರೆ ಲಾ ಫೋರ್ಟುನಾ ಊರಲ್ಲಿ ಕಡಿಮೆ ಬಾಡಿಗೆಯ ರೂಮ್ ಸಾಕು ಅನ್ನುತ್ತಿದ್ದೆ. ಅಲ್ಲಿನ ಜಲಪಾತಕ್ಕೆ ಸುಮಾರು 500 ಮೆಟ್ಟಿಲು ಇಳಿದು ಹತ್ತಬೇಕು, ಅಪ್ಪನಿಗೆ ಬೇಡ.

ಊಟಕ್ಕೆ ಯೋಚನೆ ಬೇಡ. ಬೆಳಿಗ್ಗೆ ತಿಂಡಿಗೇ ಗಾಯೊ ಪಿಂಟೊ ಅಂತ ಕಪ್ಪು ಕಾಳು ಹಾಕಿದ ಅನ್ನ ಕೊಡುತ್ತಾರೆ, ಅವರೆಕಾಳು ತಿಂದು ಬೆಳೆದ ನಮಗೆ ಚೆನ್ನಾಗಿ ಒಗ್ಗುತ್ತದೆ. ಕೆಲವು ಕಡೆ ಕಾಳನ್ನು ಹಂದಿ ಕೊಬ್ಬಿನಲ್ಲಿ ಬೇಯಿಸುತ್ತಾರೆ, ಅದನ್ನು ಮಾತ್ರ ಕೇಳಿಕೊಳ್ಳಿ. ಉಪ್ಪಿನಕಾಯಿ ಜೊತೆಗಿರಲಿ.

ಇನ್ನೊಂದು, ಅಪ್ಪ ಅಮ್ಮನ ಅಮೆರಿಕ ವೀಸಾ ಒಂದಕ್ಕಿಂತ ಹೆಚ್ಚು ಸಲ ಹೋಗಿಬರುವಂಥದ್ದಾ ಅಂತ ನೋಡಿ. ಅದಿದ್ದರೆ ಕೋಸ್ಟರಿಕಾಗೆ ಬೇರೆ ವೀಸಾ ಬೇಕಾಗಲಿಲ್ಲ ನಮಗೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮುಂಚೆ ಅವರ ಕಾನ್ಸುಲೇಟ್ ವೆಬ್‌ಸೈಟ್ ನೋಡಿ.

ಬಂಗಾರಪೇಟೆ ಪ್ಯಾಸೆಂಜರ್

ಅಪ್ಪನ ಭಯ ಸುಳ್ಳಲ್ಲ ಅಕ್ಕ. 1968ರವರೆಗೆ ಊರಿನವರು ಅರೆನಾಲ್ ಅನ್ನು ಬರೀ ಬೆಟ್ಟ ಅಂತಲೇ ತಿಳಿದಿದ್ದರು. ಆ ವರ್ಷ ಜುಲೈ 29ರಂದು ಸಿಡಿಯಿತು, 87 ಜನ ಸತ್ತರು, ತಬಕೋನ್ ಅನ್ನುವ ಹಳ್ಳಿಯೇ ಹೋಯಿತು. ನದಿಗೂ ಅದೇ ಹೆಸರು. ಈಗ ಮಲಗಿರುವ ಬೆಟ್ಟದ ಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಓವ್‌ಸಿಕೊರಿ ಅನ್ನುವ ಕೇಂದ್ರ ನಿಗಾ ಇಟ್ಟಿದೆ. ತುದಿಗೆ ಹತ್ತಲು ಯಾರನ್ನೂ ಬಿಡುವುದಿಲ್ಲ.

ನೀರು ಯಾಕೆ ಬಿಸಿ ಅಂತ ಕೇಳಿದರೆ ಹೀಗೆ ಹೇಳಿ. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದವರು. ಅದು 3 ಕಿಲೋಮೀಟರ್‌ಗಿಂತ ಆಳ, ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಜ್ವಾಲಾಮುಖಿ ಇಲ್ಲದ ನಮ್ಮ ನೆಲದಲ್ಲೇ ಅಷ್ಟು. ಅಲ್ಲಿ ಆ ಬಿಸಿ ಇನ್ನೂ ಮೇಲಕ್ಕಿದೆ, ಮಳೆ ನೀರು ಬಿರುಕಿನಲ್ಲಿ ಇಳಿದು ಕಾಯ್ದು ವಾಪಸ್ ಬರುತ್ತದೆ. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬರುವುದೂ ಬಂಡೆಯೊಳಗೆ ಇಳಿದ ನೀರೇ, ಅಷ್ಟು ಆಳಕ್ಕೆ ಹೋಗುವುದಿಲ್ಲ, ಅದಕ್ಕೇ ತಣ್ಣಗಿರುತ್ತದೆ.

ತುಮಕೂರು ಸಿಸ್ಟರ್

ನಾನು ನರ್ಸ್. ಅಪ್ಪನ ವಿಷಯ ಹೇಳುತ್ತೇನಮ್ಮ. ಬಿಸಿನೀರಿನಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಮಾತ್ರೆ ತಗೊಳ್ಳುವವರಿಗೆ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಹೊರಡುವ ಮುಂಚೆ ಅವರ ಡಾಕ್ಟರನ್ನು ಕೇಳಿ. ಕೆಳಗಿನ ಹದವಾದ ಗುಂಡಿಯಲ್ಲಿ ಹತ್ತು ಹದಿನೈದು ನಿಮಿಷ ಸಾಕು, ಏಳುವಾಗ ಮೊದಲು ಅಂಚಿನಲ್ಲಿ ಕೂರಿಸಿ, ಆಮೇಲೆ ಕೈ ಹಿಡಿದು ಎಬ್ಬಿಸಿ. ನೀರು ಕುಡಿಸುತ್ತಿರಿ. ಶುಗರ್ ಇದ್ದು ಪಾದ ಜೋಮು ಹಿಡಿದಿದ್ದರೆ ಬಿಸಿ ಗೊತ್ತಾಗದೆ ಸುಡಬಹುದು, ಅದನ್ನೂ ನೋಡಿಕೊಳ್ಳಿ. ಮುಳುಗು ಹಾಕುವುದು ಬೇಡ, ಬೆಚ್ಚನೆ ನದಿ ನೀರು ಮೂಗಿನೊಳಗೆ ಹೋಗಬಾರದು. ಬದರಿಗೆ ಹೋಗಿಬಂದ ಅಮ್ಮನಿಗೆ ಇದನ್ನು ಮೊದಲೇ ಹೇಳಿಬಿಡಿ.

ಚಿಂತಾಮಣಿ ಹುಡುಗಿ

ತುಂಬಾ ಥ್ಯಾಂಕ್ಸ್. ಕೆಜಿಎಫ್ ಮಾತು ಓದಿ ಹೇಳಿದೆ, ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ "ಸರಿ, ಕಾಲು ಇಟ್ಟು ನೋಡ್ತೀನಿ" ಅಂದರು. ಎರಡು ರಾತ್ರಿ ಬುಕ್ ಮಾಡುತ್ತೇವೆ. ಅಮ್ಮ ಸೀರೆಯಲ್ಲೇ ಇಳಿಯುತ್ತೇನೆ ಅನ್ನುತ್ತಿದ್ದಾರೆ, ಬಿಡ್ತಾರಾ?

ತಿಪಟೂರು ತೆಂಗು

ಸೀರೆ ಬೇಡ ಅಕ್ಕ, ನೀರಿನ ಸೆಳೆತಕ್ಕೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಕಲ್ಲೂ ಜಾರುತ್ತದೆ. ನಮ್ಮ ಅತ್ತೆಗೆ ತುಂಬು ತೋಳಿನ, ಮಂಡಿ ಕೆಳಗೆ ಬರುವ ನೈಲಾನ್ ಈಜುಡುಗೆ ಇಲ್ಲಿಂದಲೇ ತಗೊಂಡು ಹೋಗಿದ್ದೆವು, ಯಾರೂ ತಿರುಗಿ ನೋಡಲಿಲ್ಲ. ಇಬ್ಬರಿಗೂ ಹಿಡಿತ ಇರುವ ರಬ್ಬರ್ ಸೋಲಿನ ಚಪ್ಪಲಿ ತಗೊಳ್ಳಿ, ಹಿಂದೆ ಪಟ್ಟಿ ಇರುವಂಥದ್ದು.