ಪೋಸ್ಟ್‌ಗ್ರೆಸ್‌ಗೆ ದಿನನಿತ್ಯದ ಸ್ಕ್ರಿಪ್ಟ್‌ಗಳು: ನೀವು ಯಾವುದನ್ನು ಓಡಿಸುತ್ತೀರಿ?

ಪ್ರಶ್ನೆ: ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್ 15 ಡೇಟಾಬೇಸ್. ಒಂದು ಪ್ರೈಮರಿ (ಮುಖ್ಯ ಸರ್ವರ್), ಒಂದು ರೆಪ್ಲಿಕಾ (ಅದರ ನಕಲು ಸರ್ವರ್), ಡೇಟಾ ಸುಮಾರು 400 ಜಿಬಿ. ಹಿಂದಿನ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಬಿಟ್ಟುಹೋದ ಮೇಲೆ ನನ್ನ ಪಾಲಿಗೆ ಬಂದಿದೆ. ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಲಿನಕ್ಸ್ ಟೂಲ್) ರಾತ್ರಿ ಪಿಜಿ_ಡಂಪ್ (ಬ್ಯಾಕಪ್ ತೆಗೆಯುವ ಕಮಾಂಡ್) ಬಿಟ್ಟರೆ ಬೇರೇನಿಲ್ಲ. ದುಡ್ಡು ಕೊಟ್ಟು ಟೂಲ್ ತರುವ ಹಾಗಿಲ್ಲ. ದಿನಾ ಏನೇನು ನೋಡಬೇಕು?

ಉತ್ತರ: ಮೊದಲು ಆ ಡಂಪ್ ಸ್ಕ್ರಿಪ್ಟನ್ನೇ ಬಿಚ್ಚಿ ನೋಡಿ. ಡಂಪನ್ನು ನೇರವಾಗಿ ಜಿಜಿಪ್‌ಗೆ (ಫೈಲ್ ಕುಗ್ಗಿಸುವ ಕಮಾಂಡ್) ಪೈಪ್ ಮಾಡಿದ್ದರೆ ಶೆಲ್ ನೋಡುವುದು ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್ (ಕೆಲಸ ಸರಿಯಾಯಿತೇ ಎಂದು ಹೇಳುವ ಸಂಖ್ಯೆ, 0 ಅಂದರೆ ಸರಿ) ಮಾತ್ರ. ಡಂಪ್ ಅರ್ಧಕ್ಕೇ ಸತ್ತರೂ ಜಿಜಿಪ್ 0 ಕೊಡುತ್ತದೆ, ಲಾಗ್‌ನಲ್ಲಿ ಸಕ್ಸಸ್ ಬೀಳುತ್ತದೆ. ಬ್ಯಾಶ್‌ನಲ್ಲಿ ಪೈಪ್‌ಫೇಲ್ ಆನ್ ಮಾಡಿ, ಆಗ ಪೈಪಿನ ಯಾವ ಕಮಾಂಡ್ ಸೋತರೂ ತಿಳಿಯುತ್ತದೆ. ಇಲ್ಲವೇ ಕಸ್ಟಮ್ ಫಾರ್ಮ್ಯಾಟ್‌ನಲ್ಲೇ ಡಂಪ್ ತೆಗೆಯಿರಿ, ಕಂಪ್ರೆಷನ್ ಅದರಲ್ಲೇ ಇದೆ. ತಾತ್ಕಾಲಿಕ ಹೆಸರಿಗೆ ಬರೆದು, ಸರಿಯಾಗಿ ಮುಗಿದ ಮೇಲಷ್ಟೇ ಹೆಸರು ಬದಲಿಸಿ. ಯೂಸರ್‌ಗಳು, ರೋಲ್‌ಗಳು ಪಿಜಿ_ಡಂಪ್‌ನಲ್ಲಿ ಬರುವುದಿಲ್ಲ. ಪಿಜಿ_ಡಂಪ್‌ಆಲ್‌ಗೆ ಗ್ಲೋಬಲ್ಸ್-ಓನ್ಲಿ ಕೊಟ್ಟು ಬೇರೆಯಾಗಿ ತೆಗೆಯಬೇಕು. ಕ್ರಾನ್‌ಟ್ಯಾಬ್ (ಕ್ರಾನ್‌ನ ವೇಳಾಪಟ್ಟಿ) ಸಾಲಿನಲ್ಲಿ % ಬರೆದರೆ ಅದು ಹೊಸ ಸಾಲಾಗುತ್ತದೆ, ಹಾಗಾಗಿ ಫೈಲ್ ಹೆಸರಿಗೆ % ಬಳಸಿ ದಿನಾಂಕ ಸೇರಿಸುವ ಕೆಲಸ ಸ್ಕ್ರಿಪ್ಟಿನೊಳಗೇ ಇರಲಿ.

ವಾರಕ್ಕೊಮ್ಮೆ ಬೇರೆ ಮಷೀನಿನಲ್ಲಿ ರೀಸ್ಟೋರ್ ಮಾಡಿ, ಮುಖ್ಯ ಟೇಬಲ್‌ಗಳ ಸಾಲು ಎಣಿಸಿ. ಪಿಜಿ_ರೀಸ್ಟೋರ್‌ನ ಲಿಸ್ಟ್ ಆಪ್ಷನ್ ಬರೀ ವಿಷಯಸೂಚಿ ಓದುತ್ತದೆ, ಅದನ್ನು ನಂಬಿ ಕೂರಬೇಡಿ.

ಇನ್ನೊಬ್ಬರು: ರೆಪ್ಲಿಕಾ ಇದೆ ಅಂದಮೇಲೆ ಸ್ಲಾಟ್ (ರೆಪ್ಲಿಕಾ ಎಲ್ಲಿಯವರೆಗೆ ಓದಿದೆ ಎಂದು ಪ್ರೈಮರಿ ಇಟ್ಟುಕೊಳ್ಳುವ ಗುರುತು) ನೋಡಿದ್ದೀರಾ ಸರ್? ಪಿಜಿ_ರೆಪ್ಲಿಕೇಷನ್_ಸ್ಲಾಟ್ಸ್‌ನಲ್ಲಿ ಆಕ್ಟಿವ್ ಫಾಲ್ಸ್ ಆಗಿರುವ ಸ್ಲಾಟ್ ಇದ್ದರೆ ಪ್ರೈಮರಿ ಅದಕ್ಕೆಂದು ವಾಲ್ ಫೈಲ್‌ಗಳನ್ನು (ಪ್ರತಿ ಬದಲಾವಣೆಯ ದಾಖಲೆ) ಕೂಡಿಡುತ್ತಲೇ ಹೋಗುತ್ತದೆ, ಡಿಸ್ಕ್ ತುಂಬಿ ಸರ್ವರ್ ಮಲಗುವವರೆಗೆ. ಈಗಿನ ಎಲ್‌ಎಸ್‌ಎನ್‌ಗೂ (ವಾಲ್‌ನಲ್ಲಿ ಬರವಣಿಗೆ ಎಲ್ಲಿಗೆ ಬಂದಿದೆ ಎಂಬ ಸ್ಥಾನ) ಸ್ಲಾಟ್‌ನ ರೀಸ್ಟಾರ್ಟ್_ಎಲ್‌ಎಸ್‌ಎನ್‌ಗೂ ಎಷ್ಟು ಬೈಟ್ ಅಂತರ ಅಂತ 5 ನಿಮಿಷಕ್ಕೊಮ್ಮೆ ನೋಡಿ. ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಡಿಫಾಲ್ಟ್ -1, ಅಂದರೆ ಮಿತಿಯೇ ಇಲ್ಲ. ಮಿತಿ ಹಾಕಿ, ಅದು ದಾಟಿದರೆ ರೆಪ್ಲಿಕಾವನ್ನು ಮತ್ತೆ ಕಟ್ಟಬೇಕಾಗಬಹುದು, ಆದರೆ ಪ್ರೈಮರಿ ಉಳಿಯುತ್ತದೆ. ಏನೇ ಆದರೂ ಪಿಜಿ_ವಾಲ್ ಫೋಲ್ಡರಿನೊಳಗೆ ಕೈಯಾರೆ ಡಿಲೀಟ್ ಮಾಡಲೇಬೇಡಿ.

ಮತ್ತೊಬ್ಬರು: ಪಿಜಿ_ಸ್ಟಾಟ್_ಆಕ್ಟಿವಿಟಿಯಲ್ಲಿ (ಈಗಿನ ಕನೆಕ್ಷನ್‌ಗಳ ಪಟ್ಟಿ) "ಐಡಲ್ ಇನ್ ಟ್ರಾನ್ಸಾಕ್ಷನ್" (ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತದ್ದು) ಆಗಿ 10 ನಿಮಿಷ ದಾಟಿದ್ದಕ್ಕೆಲ್ಲ ಅಲರ್ಟ್ ಬೇಕು. ಅಂಥ ಒಂದೇ ಕನೆಕ್ಷನ್ ಸಾಕು, ವ್ಯಾಕ್ಯೂಮ್ (ಕಸ ಗುಡಿಸುವ ಕಮಾಂಡ್) ಓಡುತ್ತಿದ್ದರೂ ಸತ್ತ ಸಾಲುಗಳು (ಬದಲಾದ, ಅಳಿಸಿದ ಸಾಲುಗಳ ಹಳೆಯ ಪ್ರತಿಗಳು) ಹೋಗದಿರುವುದಕ್ಕೆ. ದೊಡ್ಡ ಟೇಬಲ್‌ಗೆ ಆಟೋವ್ಯಾಕ್ಯೂಮ್‌ನ (ತಾನಾಗಿ ಓಡುವ ವ್ಯಾಕ್ಯೂಮ್) ಡಿಫಾಲ್ಟ್ 0.2, ಅಂದರೆ ಶೇ. 20, ತೀರಾ ಹೆಚ್ಚು: 10 ಕೋಟಿ ಸಾಲಿದ್ದರೆ 2 ಕೋಟಿ ಸತ್ತ ಮೇಲೆ ಎಚ್ಚರವಾಗುತ್ತದೆ. ಆ ಟೇಬಲ್‌ಗಷ್ಟೇ 0.02 ಇಡಿ. ಡೇಟಾಬೇಸಿನ ಟ್ರಾನ್ಸಾಕ್ಷನ್ ವಯಸ್ಸು (ಇನ್ನೂ ಫ್ರೀಜ್ ಆಗದ ಅತಿ ಹಳೆಯ ಟ್ರಾನ್ಸಾಕ್ಷನ್‌ನಿಂದೀಚೆಗೆ ನಡೆದ ಟ್ರಾನ್ಸಾಕ್ಷನ್‌ಗಳ ಸಂಖ್ಯೆ) 20 ಕೋಟಿ ಮುಟ್ಟಿದರೆ ಗಾಬರಿ ಬೇಡ, ಆಗ ಆಟೋವ್ಯಾಕ್ಯೂಮ್ ತಾನೇ ಫ್ರೀಜ್ (ಹಳೆಯ ಸಾಲುಗಳಿಗೆ ಶಾಶ್ವತ ಗುರುತು ಹಾಕುವುದು) ಶುರುಮಾಡುತ್ತದೆ. 50 ಕೋಟಿ ದಾಟಿದರೆ ಅದಕ್ಕೆ ಏನೋ ಅಡ್ಡ ಬಂದಿದೆ ಅಂತಲೇ ಲೆಕ್ಕ.

ಮೊದಲ ಉತ್ತರದವರು: ಅದಕ್ಕೇ ರಾತ್ರಿ ವ್ಯಾಕ್ಯೂಮ್ ಫುಲ್ (ಟೇಬಲನ್ನೇ ಹೊಸದಾಗಿ ಬರೆಯುವ ಕಮಾಂಡ್) ಹಾಕಿಬಿಡೋಣ ಅನ್ನುವವರು ಸಿಗುತ್ತಾರೆ, ಕೇಳಬೇಡಿ. ಮುಗಿಯುವವರೆಗೆ ಆ ಟೇಬಲ್‌ ಓದಲಿಕ್ಕೂ ಸಿಗುವುದಿಲ್ಲ, ಇನ್ನೊಂದು ಪ್ರತಿಗೆ ಆಗುವಷ್ಟು ಡಿಸ್ಕ್ ಜಾಗವೂ ಬೇಕು.

ಇನ್ನೊಬ್ಬರು: ಮಾನಿಟರಿಂಗ್‌ಗೆ ಸೂಪರ್‌ಯೂಸರ್ ಬೇಡ, ಪಿಜಿ_ಮಾನಿಟರ್ ರೋಲ್ ಸಾಕು. ಮಾನಿಟರಿಂಗ್ ಸ್ಕ್ರಿಪ್ಟಿನ ಹಳೆಯ ಓಟ ಮುಗಿಯುವ ಮೊದಲೇ ಹೊಸದು ಶುರುವಾಗದಂತೆ ಎಫ್‌ಲಾಕ್ -ಎನ್ ಹಾಕಿ, ಸ್ಟೇಟ್‌ಮೆಂಟ್_ಟೈಮ್‌ಔಟ್ 30 ಸೆಕೆಂಡ್ ಇಡಿ. ಸ್ಕ್ರಿಪ್ಟಿನ ಕೊನೇ ಸಾಲಿನಲ್ಲಿ ಒಂದು ಫೈಲ್ ಟಚ್ ಮಾಡಿಸಿ (ಅದರ ಸಮಯ ಹೊಸದಾಗುತ್ತದೆ). ಅದು 15 ನಿಮಿಷಕ್ಕಿಂತ ಹಳೆಯದಾದರೆ ಬೇರೆ ಮಷೀನ್ ಮೇಲ್ ಕಳಿಸಲಿ.