ಏಪ್ರಿಲ್ ಬಿಸಿಲಲ್ಲಿ ಮುಳ್ಳಯ್ಯನಗಿರಿ: ನಿಧಾನಕ್ಕೆ ನಡೆಯುವವರು ತಂಡದ ಜೊತೆ ಹೋಗಬಹುದಾ?

ಪ್ರಶ್ನೆ (ಹಾಸನದ ಸದಸ್ಯೆ): ನಮಸ್ತೆ ಸರ್. ನನಗೆ 47 ವರ್ಷ. ದಿನಾ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತೇನೆ, ಅಷ್ಟೇ. ನಮ್ಮೂರಿನ ಚಾರಣ ಬಳಗದವರು ಬರೋ ಭಾನುವಾರ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತುತ್ತಾರೆ. 22 ಜನ. ಹೋಗುವ ಆಸೆ ಇದೆ. ಆದರೆ ನಾನು ಹಿಂದೆ ಬಿದ್ದು ಉಳಿದವರಿಗೆ ತೊಂದರೆ ಆದರೆ? ಮೇಲೆ ತಂಪಿರುತ್ತೆ, ಒಂದು ಲೀಟರ್ ನೀರು ಸಾಕು ಅಂತಲೂ ಹೇಳಿದರು. ನಿಜವಾ?

ಉತ್ತರ (ಚಾರಣ ಮಾರ್ಗದರ್ಶಿ, ಚಿಕ್ಕಮಗಳೂರು): ಖಂಡಿತ ಹೋಗಿ ಮೇಡಂ. ಆದರೆ ಮೊದಲು ಬಳಗದವರಿಗೆ ಒಂದು ಮಾತು ಕೇಳಿ: ‘ನಿಧಾನಕ್ಕೆ ನಡೆಯುವವರನ್ನು ಎಲ್ಲಿ ನಡೆಸುತ್ತೀರಿ?’

ಯಾಕೆ ಅಂದರೆ, ಸಾಮಾನ್ಯವಾಗಿ ಹೀಗಾಗುತ್ತೆ. ಚುರುಕಿನ ಹುಡುಗರು ಮುಂದೆ ಹೋಗಿ ಬಂಡೆ ಮೇಲೆ ಹತ್ತು ನಿಮಿಷ ಕೂತಿರುತ್ತಾರೆ. ನೀವು ಏದುಸಿರು ಬಿಡುತ್ತಾ ಅಲ್ಲಿಗೆ ಮುಟ್ಟುತ್ತೀರಿ. ‘ಹಾಂ, ಬಂದರು, ನಡೀರಿ’ ಅಂತ ಎಲ್ಲರೂ ಎದ್ದುಬಿಡುತ್ತಾರೆ. ಅವರಿಗೆಲ್ಲ ವಿಶ್ರಾಂತಿ ಸಿಕ್ಕಿತು, ಅದು ತುಂಬ ಬೇಕಿದ್ದ ನಿಮಗೇ ಸಿಗಲಿಲ್ಲ. ಹೀಗೆ ನಾಲ್ಕು ಸಲ ಆದರೆ ಎಂಥವರೂ ಸೋಲುತ್ತಾರೆ. ಸೋತವರು ‘ನನಗೆ ಶಕ್ತಿ ಇಲ್ಲ’ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ನಾನು ನಿಧಾನದವರನ್ನು ನನ್ನ ಬೆನ್ನ ಹಿಂದೆಯೇ, ಎರಡನೆಯವರಾಗಿ ನಡೆಸುತ್ತೇನೆ. ಅವರ ಹೆಜ್ಜೆಯೇ ತಂಡದ ಹೆಜ್ಜೆ. ಕೊನೆಯಲ್ಲಿ ದಾರಿ ಗೊತ್ತಿರುವ ಒಬ್ಬರು ಇರಲೇಬೇಕು, ಅವರ ಹಿಂದೆ ಯಾರೂ ಉಳಿಯಬಾರದು. ನಿಮ್ಮ ಬಳಗ ಇದಕ್ಕೆ ಒಪ್ಪಿದರೆ ಧೈರ್ಯವಾಗಿ ಹೊರಡಿ.

ಇನ್ನು ನೀರು. ಒಂದು ಲೀಟರ್ ಸಾಲದು, ಮೂರು ಲೀಟರ್ ಇರಲಿ. ಸಮುದ್ರಮಟ್ಟದಿಂದ 1,930 ಮೀಟರ್ ಎತ್ತರದ ಆ ತುದಿಯಲ್ಲಿ ಚಿಕ್ಕಮಗಳೂರು ಪೇಟೆಗಿಂತ ಐದು ಡಿಗ್ರಿಯಷ್ಟು ತಂಪು ನಿಜ. ಮೋಸ ಆಗುವುದೂ ಅಲ್ಲೇ. ಸರ್ಪದಾರಿ ಪೂರ್ತಿ ಹುಲ್ಲುಗಾವಲು, ನೆರಳು ಕಡಿಮೆ. ಗಾಳಿ ಬೀಸುತ್ತಾ ಇರೋದರಿಂದ ಬೆವರು ಅಲ್ಲಲ್ಲೇ ಆರಿಬಿಡುತ್ತೆ. ಬೆವರಿದ್ದೇ ಗೊತ್ತಾಗಲ್ಲ, ಬಾಯಾರಿಕೆ ತಡವಾಗಿ ಶುರುವಾಗುತ್ತೆ. ತುದಿ ಮುಟ್ಟಿದ ಮೇಲೆ ಯಾರದ್ದಾದರೂ ಕಪ್ಪು ಟೀ ಶರ್ಟಿನ ಬೆನ್ನು ನೋಡಿ. ರಂಗೋಲಿ ಎಳೆದ ಹಾಗೆ ಬಿಳಿ ಉಪ್ಪಿನ ಗೆರೆ ಇರುತ್ತೆ. ಅಷ್ಟು ಉಪ್ಪು ಮೈಯಿಂದ ಹೋಗಿದೆ ಅಂತ ಲೆಕ್ಕ.

ಹಾಗಾಗಿ ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿಕೊಳ್ಳಿ. ಸಿಗದಿದ್ದರೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ. ಟೀ ಚಮಚದ ಅಳತೆ, ಗೋಪುರ ಬೇಡ. ಕಾಲು ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಜೊತೆಗೆ ಉಪ್ಪು ಸವರಿದ ಸೌತೆಕಾಯಿ ಇದ್ದರೆ ತುಂಬಾ ಒಳ್ಳೆಯದು.

ಸದಸ್ಯೆ: ಧನ್ಯವಾದ ಸರ್. ಎಂಟೂವರೆಗೆ ಹತ್ತೋಕೆ ಶುರು ಅಂತೆ. ಪರವಾಗಿಲ್ವಾ?

ಉತ್ತರ: ತಡವಾಯಿತು ಮೇಡಂ. ಆರೂವರೆಗೆ ಸರ್ಪದಾರಿಯ ಕಮಾನಿನ ಹತ್ತಿರ ಇರಬೇಕು. ಅಂದರೆ ಹಾಸನವನ್ನು ನಾಲ್ಕೂವರೆ ಒಳಗೆ ಬಿಡಬೇಕು. ನಿಧಾನಕ್ಕೆ ಹತ್ತಿದರೂ ಒಂಬತ್ತೂವರೆ ಹೊತ್ತಿಗೆ ಮುಳ್ಳಪ್ಪ ಸ್ವಾಮಿಯ ಗುಡಿ ಮುಟ್ಟುತ್ತೀರಿ, ಹನ್ನೆರಡರ ಒಳಗೆ ಇಳಿದಿರುತ್ತೀರಿ. ಬರೀ ಬಿಸಿಲಿಗೆ ಹೆದರಿ ಹೇಳುತ್ತಿಲ್ಲ. ಕಾಫಿಗೆ ಹೂಮಳೆ ಬರೋ ಕಾಲ ಇದು. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತೆ, ಮಧ್ಯಾಹ್ನ ಎರಡರ ಮೇಲೆ ಗುಡುಗು. ಬೋಳು ಏಣಿನ ಮೇಲೆ ಸಿಡಿಲಿಗೆ ನೀವೇ ಎತ್ತರದ ವಸ್ತು. ಗುಡುಗು ಕೇಳಿಸಿತೋ, ತುದಿ ನೂರು ಹೆಜ್ಜೆ ಇದ್ದರೂ ಇಳಿಯಿರಿ.

ಇಳಿಯುವಾಗ ಹುಷಾರು. ಒಣ ಹುಲ್ಲು, ಸಣ್ಣ ಜಲ್ಲಿ ಮಳೆಗಾಲದ ಪಾಚಿಯಷ್ಟೇ ಜಾರುತ್ತೆ. ಅಡಿ ಸವೆದ ಶೂ ಬೇಡ.

ಇನ್ನೊಬ್ಬ ಸದಸ್ಯರು: ಬೇಸಿಗೆಯಲ್ಲಿ ಇಂಬಳದ ಕಾಟ ಇಲ್ಲ, ಅಷ್ಟರಮಟ್ಟಿಗೆ ಒಳ್ಳೆಯದಲ್ವಾ ಸರ್?

ಉತ್ತರ: ಇಂಬಳ ಇರಲ್ಲ, ಉಣುಗು ಇರುತ್ತೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡೋದು ಇದರಿಂದಲೇ. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯೂ ಬಂದಿದೆ. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ತರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ವಾರ, ಹತ್ತು ದಿನದಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಕಾಡಿಗೆ ಹೋಗಿದ್ದೆ’ ಅಂತ ಮರೆಯದೆ ಹೇಳಿ.

ಇನ್ನೊಂದು. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಕೆಲವು ಚಾರಣದ ದಾರಿ ಮುಚ್ಚುತ್ತೆ. ಹೊರಡುವ ಹಿಂದಿನ ದಿನ ಬಳಗದವರು ವಿಚಾರಿಸಲಿ. ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ಆ ಹುಲ್ಲಿಗೆ ಒಂದು ಕಿಡಿ ಸಾಕು.

ಸದಸ್ಯೆ: ಅರ್ಧ ದಾರಿಯಲ್ಲಿ ಆಗಲ್ಲ ಅನ್ನಿಸಿದರೆ?

ಉತ್ತರ: ಅನ್ನಿಸಿದ ತಕ್ಷಣ ಹೇಳಿ, ಸಂಕೋಚ ಬೇಡ. ತಲೆನೋವು, ವಾಕರಿಕೆ, ಮೀನಖಂಡ ಹಿಡಿಯೋದು, ಇವು ಮೊದಲ ಸೂಚನೆ. ಕೂತು ಕೊಡೆ ಬಿಚ್ಚಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ, ಓಆರ್‌ಎಸ್ ಕುಡಿಯಿರಿ. ಯಾರಾದರೂ ತೊದಲಿದರೆ, ಎಲ್ಲಿದ್ದೇನೆ ಅಂತ ತಿಳಿಯದಂತಾದರೆ ಅದು ಬೇರೆಯೇ ಮಟ್ಟದ ಅಪಾಯ. ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಫೋನ್ ಮಾಡಬೇಕು. ಆಗ ಬಾಯಿಗೆ ನೀರು ಹಾಕಬಾರದು.

ಗುಡಿಯ ಮೆಟ್ಟಿಲವರೆಗೆ ರಸ್ತೆ ಇದೆ. ಬಳಗದ ಒಂದು ಗಾಡಿ ಮೇಲೆ ಬಂದಿರಲಿ ಅಂತ ಕೇಳಿ. ಹತ್ತಿ ಸುಸ್ತಾದವರು ಅದರಲ್ಲೇ ಇಳಿಯಬಹುದು.

ಸದಸ್ಯೆ: ಕೇಳಿದೆ ಸರ್. ನಾಲ್ಕೂವರೆಗೆ ಹೊರಡೋಕೆ ಒಪ್ಪಿದರು. ನನ್ನನ್ನು ಎರಡನೆಯವಳಾಗಿ ನಡೆಸುತ್ತಾರಂತೆ.