ಅತ್ತೆಯ ಬೆನ್ನು ಕೆಂಪಾಗ್ತಿದೆ: ಏರ್‌ಬೆಡ್ ತರೋದಾ, ಹೋಮ್ ನರ್ಸ್ ಇಡೋದಾ?

ಹಾಸನದ ಸೊಸೆ: ಅತ್ತೆಗೆ ಲಕ್ವ ಹೊಡೆದು ಎಡಭಾಗ ಬಿದ್ದಿದೆ. ಸೊಂಟದ ಕೆಳಗಿನ ಮೂಳೆ ಹತ್ರ ಕೆಂಪಾಗಿದೆ, ಚರ್ಮ ಒಡೆದಿಲ್ಲ. ಮಲಗಿದಲ್ಲೇ ಇದ್ದು ಹಾಸಿಗೆ ಹುಣ್ಣು ಆಗುತ್ತೇನೋ ಅಂತ ಭಯ. ಅವರು 70 ಕೆಜಿ, ಹಗಲು ನಾನೊಬ್ಬಳೇ. ಅನುಭವ ಇರೋರು ಹೇಳಿ.

ಮೂಡಿಗೆರೆ ತೋಟದಮನೆ: ನಮ್ಮ ಮಾವನಿಗೆ ಮೊದಲು ಕರೆಂಟ್ ಪಂಪಿಂದ ಗಾಳಿ ತುಂಬೋ ಗುಳ್ಳೆ ಏರ್‌ಬೆಡ್ ತಂದ್ವಿ, 2,800. ತೂತಾಯ್ತು. ಆಮೇಲೆ ಕೊಳವೆ ಥರದ್ದು, 7,500. ಆಷಾಢದ ಮಳೇಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಗಾಳಿ ಇಳಿದು ಮೈ ಹಲಗೆಗೇ ತಾಗೋದು. ಯುಪಿಎಸ್, ಬ್ಯಾಟರಿ ಸೇರಿ ಮತ್ತೆ 19,000. ಬೆಡ್‌ಶೀಟ್ ಒಣಗದೆ ಒಲೆ ಮುಂದೆ ಹರವ್ತಿದ್ವಿ. ಮಾವ ಹೋಗೋವರೆಗೂ ಬೆನ್ನಲ್ಲಿ ಒಂದು ಗಾಯ ಇರಲಿಲ್ಲ. ಅದು ಬೆಡ್ ಮಾಡಿದ್ದಲ್ಲ. ರಾತ್ರಿ ಅಲಾರಂ ಇಟ್ಟು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿದ್ದು ನಾನು, ನನ್ನ ಓರಗಿತ್ತಿ.

ಕಡೂರಿನ ಮಗ: ಹೋಮ್ ನರ್ಸ್ ಮಾತ್ರ ಬೇಡ ತಂಗಿ. ಏಜೆನ್ಸಿಗೆ ಮುಂಗಡ 8,000, ತಿಂಗಳಿಗೆ 21,000, ಊಟ ಬೇರೆ. ಬಂದ ಹುಡುಗ ಕೆಂಪಾದ ಜಾಗಕ್ಕೇ ಸ್ಪಿರಿಟ್ ಹಚ್ಚಿ ಉಜ್ಜೋನು, ಮೇಲೆ ಪೌಡರ್. ಅಪ್ಪನ ಹುಣ್ಣು ಮೂಳೆವರೆಗೆ ಹೋಯ್ತು. ಸತ್ತ ಮಾಂಸ ತೆಗೆಸೋಕೆ 34,000, ಆಮೇಲೆ ಪ್ರತಿ ಡ್ರೆಸ್ಸಿಂಗ್‌ಗೆ 600. ಏಜೆನ್ಸಿಯವರು “ವಯಸ್ಸಾದವರಿಗೆ ಇದೆಲ್ಲ ಆಗುತ್ತೆ” ಅಂದು ಫೋನ್ ಇಟ್ಟರು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನಿವೃತ್ತ ಸ್ಟಾಫ್ ನರ್ಸ್, ಚಿಕ್ಕಮಗಳೂರು: ಕಲಿಯದ ಹುಡುಗನ್ನ ನರ್ಸ್ ಅಂತ ಕರೀಬೇಡಿ ಸರ್. ವಾರ್ಡ್‌ನಲ್ಲಿ ನಾನು ಕೆಂಪು ಜಾಗ ಉಜ್ಜೋಕೆ ಯಾರಿಗೂ ಬಿಟ್ಟವಳಲ್ಲ. ಬೆರಳಲ್ಲಿ ಒತ್ತಿ ನೋಡಬೇಕು. ಒತ್ತಿದಾಗಲೂ ಬೆಳ್ಳಗಾಗದೆ ಕೆಂಪಾಗೇ ಇದ್ರೆ ಹುಣ್ಣು ಶುರು ಅಂತಲೇ ಲೆಕ್ಕ. ಆ ಜಾಗದ ಮೇಲೆ ಮತ್ತೆ ಭಾರ ಬೀಳಬಾರದು. ಪೂರ್ತಿ ಪಕ್ಕಕ್ಕೆ ಮಲಗಿಸಿದ್ರೆ ಸೊಂಟದ ಪಕ್ಕದಲ್ಲಿ ತೊಡೆ ಮೇಲ್ಭಾಗದ ಮೂಳೆ ಒತ್ತುತ್ತೆ, 30 ಡಿಗ್ರಿ ಓರೆ ಮಾಡಿ ಬೆನ್ನಿಗೆ ದಿಂಬು ಕೊಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳೀಲಿರಲಿ. ಬಿದ್ದ ಕೈ ಹಿಡಿದು ಎಳೀಬೇಡಿ, ಭುಜ ಜಾರುತ್ತೆ. ಅಡ್ಡ ಹಾಸಿದ ಶೀಟ್ ಇಬ್ಬರು ಹಿಡಿದು ಎತ್ತಿ ಸರಿಸಿ. 70 ಕೆಜಿ ಒಬ್ಬಳೇ ಎತ್ತಿದ್ರೆ ನಿಮ್ಮ ಸೊಂಟ ಹೋಗುತ್ತೆ.

ಬೇಲೂರು: ನಮ್ಮಜ್ಜಿಗೆ ಕೊಬ್ಬರಿ ಎಣ್ಣೆ ತಿಕ್ಕಿಯೇ ವಾಸಿಯಾಯ್ತು. ಸೊಂಟದ ಕೆಳಗಿಡೋ ರಬ್ಬರ್ ರಿಂಗ್ 450 ರೂಪಾಯಿ, ಅಷ್ಟೇ ಖರ್ಚು.

ನಿವೃತ್ತ ಸ್ಟಾಫ್ ನರ್ಸ್: ರಿಂಗ್ ಅಂಚಲ್ಲೇ ರಕ್ತ ನಿಲ್ಲುತ್ತೆ, ನಡುವಿನ ಚರ್ಮ ಊದುತ್ತೆ! ಎಣ್ಣೆ ಸವರಿ, ತಿಕ್ಕಬೇಡಿ. ದಯವಿಟ್ಟು ಇದನ್ನ ಇಲ್ಲಿ ಹೇಳಿಕೊಡಬೇಡಿ.

ಬೇಲೂರು: ನಮ್ಮ ಕಣ್ಣಾರೆ ಕಂಡದ್ದು ಸುಳ್ಳಾ ಮೇಡಂ?

ಕಡೂರಿನ ಮಗ: ನಾನೂ ಕಣ್ಣಾರೆ ಕಂಡೆ, ಅಪ್ಪನ ಮೂಳೆ.

ಮೂಡಿಗೆರೆ ತೋಟದಮನೆ: ಕಡೂರಿನ ಅಣ್ಣ, ಆ ಹುಡುಗ ಉಜ್ಜುವಾಗ ಮನೇಲಿ ಯಾರೂ ಇರಲಿಲ್ವಾ? ಗಂಡುಮಕ್ಕಳು ದುಡ್ಡು ಕೊಟ್ಟು ಕೈ ತೊಳ್ಕೊತಾರೆ, ರಾತ್ರಿ ಏಳೋರು ಸೊಸೆಯಂದಿರು.

ಕಡೂರಿನ ಮಗ: ಅಪ್ಪನ ಡ್ರೆಸ್ಸಿಂಗ್ ಕೊನೆವರೆಗೂ ಮಾಡಿದ್ದು ಈ ಕೈ. ತೋಟದ ದುಡ್ಡಲ್ಲಿ 19,000 ಯುಪಿಎಸ್‌ಗೆ ಸುರಿದವರು ನಮಗೆ ಹೇಳಬೇಡಿ. ಏರ್‌ಬೆಡ್ ಪಂಪಿಗೆ ಹತ್ತು ವ್ಯಾಟ್ ಆಸುಪಾಸು ಸಾಕು.

ಮೂಡಿಗೆರೆ ತೋಟದಮನೆ: ಎರಡು ದಿನ ಕರೆಂಟ್ ಬರದ ಊರಲ್ಲಿ ಒಮ್ಮೆ ಇದ್ದು ಮಾತಾಡಿ.